ಶ್ರುತಿಗೆ ಹಾಕಿದ ಬೀಗ

ಶ್ರುತಿ ತಾಯಿ, ಲಯ ತಂದೆ ಎಂಬ ಮಾತನ್ನು ಸಂಗೀತಾಭ್ಯಾಸ ಮಾಡಿದವರೆಲ್ಲರೂ ಕೇಳಿರುತ್ತಾರೆ. ಹಾಡುವವರ ಕಂಠದಲ್ಲಿ ಇವೆರಡೂ ಒಂದನ್ನೊಂದು ಕಟ್ಟಿಹಾಕುವುದಿಲ್ಲ. ಶ್ರುತಿಯನ್ನು ಕದಲಿಸದೆ ವಿಳಂಬ ಕಾಲದಲ್ಲಿಯೂ ಹಾಡಬಹುದು, ದ್ರುತ ಕಾಲದಲ್ಲಿಯೂ ಹಾಡಬಹುದು. ಆದರೆ ಒಮ್ಮೆ ಮುದ್ರಿತವಾದ ಸಂಗೀತಕ್ಕೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಲಯವನ್ನು ಎಳೆದರೆ ಶ್ರುತಿಯೂ ಹಿಂದೆಯೇ ಬರುತ್ತದೆ. ಇವೆರಡನ್ನೂ ಬೇರ್ಪಡಿಸಲು ಡಿ.ಜೆ. ಯಂತ್ರಗಳಲ್ಲಿ ‘ಕೀ ಲಾಕ್’ ಎಂಬ ಗುಂಡಿ ಇರುತ್ತದೆ. ಕೆಲವು ಯಂತ್ರಗಳಲ್ಲಿ ಅದಕ್ಕೆ ‘ಮಾಸ್ಟರ್ ಟೆಂಪೊ’ ಎಂದು ಹೆಸರು. ಗುಂಡಿಯನ್ನೊತ್ತಿದಾಗ ಶ್ರುತಿಯೇನೋ ನಿಲ್ಲುತ್ತದೆ. ಆದರೆ ಧ್ವನಿ ಅದುರುತ್ತದೆ, ಡ್ರಮ್ಮಿನ ಪೆಟ್ಟು ಮೊಂಡಾಗುತ್ತದೆ, ಗಾಯಕರ ಕಂಠ ದೂರದ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಇದಕ್ಕೆ ಕಾರಣವೇನು? ಯಂತ್ರ ಕೆಟ್ಟಿದೆಯೆ? ವಿಚಾರ ಮಾಡೋಣ.

ನರ್ತನಕ್ಕೆ ಸಂಗೀತವನ್ನೊದಗಿಸುವ ಡಿ.ಜೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರಲ್ಲಿ ಬೆರೆಸುತ್ತಾನೆ. ಒಂದರಲ್ಲಿ ನಿಮಿಷಕ್ಕೆ ೧೨೦ ಪೆಟ್ಟುಗಳು, ಇನ್ನೊಂದರಲ್ಲಿ ೧೨೬ ಪೆಟ್ಟುಗಳು ಇದ್ದರೆ, ಎರಡರ ವೇಗವನ್ನೂ ಸಮಮಾಡದೆ ಬೆರೆಸಲಾಗದು. ಈ ಕಾರ್ಯಕ್ಕೆ ಹೆಸರಾದ ಟೆಕ್ನಿಕ್ಸ್ ಎಸ್‌ಎಲ್-೧೨೦೦ ಎಂಕೆ-೨ ಎಂಬ ಗ್ರಾಮೊಫೋನ್ ಯಂತ್ರ ೧೯೭೯ರಲ್ಲಿ ಬಂದಿತು. ಅದರ ಬದಿಯ ಜಾರುಗುಂಡಿಯಿಂದ ವೇಗವನ್ನು ನೂರಕ್ಕೆ ೮ರಷ್ಟು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು. ನಿಮಿಷಕ್ಕೆ ೩೩ ೧/೩ ಸುತ್ತು ತಿರುಗುವ ತಟ್ಟೆಯನ್ನು ನೂರಕ್ಕೆ ೮ರಷ್ಟು ವೇಗಗೊಳಿಸಿದರೆ ಅದು ೩೬ ಸುತ್ತು ತಿರುಗುತ್ತದೆ. ಆಗ ಸೂಜಿಯ ಕೆಳಗೆ ಅಲೆಗಳೂ ಅಷ್ಟೇ ಬೇಗನೆ ಸಾಗುವುದರಿಂದ, ಸೆಕೆಂಡಿಗೆ ೪೪೦ ಸಲ ಕಂಪಿಸುತ್ತಿದ್ದ ಸ್ವರವು ೪೭೫ ಸಲ ಕಂಪಿಸತೊಡಗುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಮನೆಗಳನ್ನು ಸಾಲಾಗಿ ಎಣಿಸಿದರೆ, ಒಂದು ಮನೆಯಿಂದ ಮುಂದಿನದಕ್ಕೆ ಕಂಪನಸಂಖ್ಯೆಯ ಅಂತರ ನೂರಕ್ಕೆ ಸುಮಾರು ೬ ಮಾತ್ರ. ಎಂದರೆ ಹಾಡು ಒಂದು ಮನೆಗಿಂತಲೂ ಮೇಲಕ್ಕೇರಿತು. ಮತ್ತೊಂದು ಹಾಡಿನೊಡನೆ ಅದನ್ನು ಬೆರೆಸಿದಾಗ ಅಪಸ್ವರವೇ ಫಲ. ಕೀ ಲಾಕ್ ಹುಟ್ಟಿದ್ದು ಈ ತೊಂದರೆಯನ್ನು ನೀಗುವುದಕ್ಕೆ.

ಆದರೆ ಅದು ಹೊತ್ತುಕೊಂಡಿರುವ ಕೆಲಸ ಎಂತಹುದು! ನಾಲ್ಕು ನಿಮಿಷದ ಹಾಡನ್ನು ನೂರಕ್ಕೆ ೮ರಷ್ಟು ನಿಧಾನಗೊಳಿಸಿದರೆ ಅದು ಸುಮಾರು ೨೬೧ ಸೆಕೆಂಡು ನಡೆಯುತ್ತದೆ. ಮೂಲದಲ್ಲಿದ್ದುದು ೨೪೦ ಸೆಕೆಂಡಿನ ಧ್ವನಿ. ಅಲೆಗಳನ್ನು ಹಿಗ್ಗಿಸುವಂತಿಲ್ಲ, ಹಿಗ್ಗಿಸಿದರೆ ಶ್ರುತಿ ಇಳಿಯುತ್ತದೆ. ಹಾಗಾದರೆ ಉಳಿದ ೨೧ ಸೆಕೆಂಡಿನ ಧ್ವನಿ ಎಲ್ಲಿಂದ ಬರಬೇಕು? ಯಾರೂ ಹಾಡದ, ಯಾರೂ ನುಡಿಸದ ಈ ಧ್ವನಿಯನ್ನು ಯಂತ್ರವೇ ಕಲ್ಪಿಸಬೇಕು. ವಿಕೃತಿಯ ಬೇರು ಇರುವುದು ಇಲ್ಲಿಯೇ.

ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳುಂಟು. ಮೊದಲನೆಯದು ಕತ್ತರಿಸಿ ಜೋಡಿಸುವ ಮಾರ್ಗ. ೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಫೇರ್‌ಬ್ಯಾಂಕ್ಸ್ ಮತ್ತು ಅವರ ಸಂಗಡಿಗರು, ತಿರುಗುವ ಶಿರಗಳನ್ನುಳ್ಳ ಟೇಪ್ ಯಂತ್ರದಿಂದ ಮಾತಿನ ವೇಗವನ್ನು ಹೀಗೆ ಬದಲಾಯಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಇದೇ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಧ್ವನಿಯನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಸಣ್ಣ ತುಂಡುಗಳನ್ನಾಗಿ ಮಾಡಿ, ಮಾಡಿಗೆ ಹೆಂಚು ಹೊದಿಸುವಂತೆ ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಇಡುವುದು. ಹಾಡು ಚಿಕ್ಕದಾಗಬೇಕಾದರೆ ಹೆಂಚುಗಳನ್ನು ಒತ್ತೊತ್ತಾಗಿ ಸರಿಸುವುದು, ದೊಡ್ಡದಾಗಬೇಕಾದರೆ ಬಿಡಿಬಿಡಿಯಾಗಿ ಎಳೆಯುವುದು. ಪ್ರತಿ ತುಂಡಿನೊಳಗಿನ ಅಲೆಗಳು ಇದ್ದ ಹಾಗೆಯೇ ಇರುವುದರಿಂದ ಶ್ರುತಿ ಕೆಡುವುದಿಲ್ಲ.

ಆದರೆ ಅಂಚುಗಳ ಗತಿಯೇನು? ಒಂದು ತುಂಡಿನ ಅಲೆಯ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಿದ್ದರೆ ಬೆಸುಗೆ ಕಾಣದು. ಉಬ್ಬು ತಗ್ಗಿನ ಮೇಲೆ ಬಿದ್ದರೆ ಒಂದನ್ನೊಂದು ಅಳಿಸುತ್ತವೆ. ಧ್ವನಿ ಕ್ಷಣಕಾಲ ಕುಗ್ಗುತ್ತದೆ. ಇಂತಹ ಬೆಸುಗೆಗಳು ಸೆಕೆಂಡಿಗೆ ಇಪ್ಪತ್ತು ಬಂದರೆ ಕಿವಿಗೆ ಅದು ನಡುಕವಾಗಿ ಕೇಳುತ್ತದೆ. ಇದನ್ನು ತಪ್ಪಿಸಲು, ಅಲೆಗಳ ಆಕಾರ ಹೆಚ್ಚು ಹೊಂದುವ ಸ್ಥಳವನ್ನು ಹುಡುಕಿ ಅಲ್ಲಿಯೇ ಬೆಸೆಯುವ ಕ್ರಮವನ್ನು ೧೯೯೩ರಲ್ಲಿ ಬೆಲ್ಜಿಯಮ್ಮಿನ ವೆರ್ಹೆಲ್ಸ್ಟ್ ಮತ್ತು ರೋಲಾಂಡ್ಸ್ ವಿವರಿಸಿದರು. ಒಬ್ಬರೇ ಮಾತನಾಡುವ ಧ್ವನಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಕಂಠ, ಗಿಟಾರು, ಡ್ರಮ್ಮು ಎಲ್ಲವೂ ಒಟ್ಟಿಗೆ ಮೊಳಗುವಾಗ, ಒಂದಕ್ಕೆ ಹೊಂದಿದ ಸ್ಥಳ ಇನ್ನೊಂದಕ್ಕೆ ಹೊಂದುವುದಿಲ್ಲ. ಅಲ್ಲದೆ ಡ್ರಮ್ಮಿನ ಒಂದು ಪೆಟ್ಟು ಎರಡು ಹೆಂಚುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ, ಸರಿಸಿದ ಮೇಲೆ ಅದು ಎರಡು ಪೆಟ್ಟಾಗಿ ಕೇಳಬಹುದು.

ಎರಡನೆಯದು ಬಿಡಿಸಿ ಹೆಣೆಯುವ ಮಾರ್ಗ. ೧೯೬೬ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಫ್ಲಾನಗನ್ ಮತ್ತು ಗೋಲ್ಡನ್ ‘ಫೇಸ್ ವೊಕೋಡರ್’ ಎಂಬುದನ್ನು ವಿವರಿಸಿದರು. ಯಾವ ಜಟಿಲ ಧ್ವನಿಯನ್ನಾದರೂ ಅನೇಕ ಸರಳ ಅಲೆಗಳ ಮೊತ್ತವೆಂದು ಭಾವಿಸಬಹುದು. ಪ್ರತಿಯೊಂದು ಅಲೆಯನ್ನೂ ಪ್ರತ್ಯೇಕಿಸಿ, ಅದರ ಕಂಪನಸಂಖ್ಯೆಯನ್ನು ಅಳೆದು, ಅಷ್ಟೇ ಕಂಪನದ ಅಲೆಯನ್ನು ಹೊಸ ಕಾಲಾವಧಿಗೆ ಬೇಕಾದಷ್ಟು ಮುಂದುವರಿಸುವುದು ಇದರ ತತ್ತ್ವ. ಇಲ್ಲಿ ನಡುಕ ಕಡಿಮೆ. ಆದರೆ ಅಲೆಗಳು ತಮ್ಮ ತಮ್ಮ ಲೆಕ್ಕದಂತೆ ಮುಂದುವರಿಯುತ್ತ ಪರಸ್ಪರ ಹೊಂದಾಣಿಕೆಯನ್ನು ಕಳೆದುಕೊಳ್ಳುತ್ತವೆ. ಡ್ರಮ್ಮಿನ ಪೆಟ್ಟು ಹರಿತವಾಗಿರುವುದು ನೂರಾರು ಅಲೆಗಳು ಒಂದೇ ಕ್ಷಣದಲ್ಲಿ ಒಟ್ಟಿಗೆ ಏಳುವುದರಿಂದ. ಆ ಒಗ್ಗಟ್ಟು ಮುರಿದರೆ ಪೆಟ್ಟು ಕದಡುತ್ತದೆ. ಕಂಠವು ಕೊಳವೆಯೊಳಗೆ ಸೇರಿದಂತಾಗುತ್ತದೆ.

ಇನ್ನಷ್ಟು ಬಲ್ಲ ಎಂಜಿನಿಯರುಗಳು ಈ ದೋಷವನ್ನು ಪೂರ್ತಿಯಾಗಿ ತೊಡೆದುಹಾಕಲಾರರೆ? ಇಲ್ಲಿ ಪ್ರಕೃತಿಯದೇ ಒಂದು ಕಟ್ಟಳೆ ಅಡ್ಡ ನಿಂತಿದೆ. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ, ಮುಂದೆ ೧೯೭೧ರಲ್ಲಿ ಹಾಲೊಗ್ರಫಿಗಾಗಿ ನೊಬೆಲ್ ಪಾರಿತೋಷಿಕವನ್ನು ಪಡೆದ ಡೆನಿಸ್ ಗೇಬರ್, ೧೯೪೬ರಲ್ಲಿಯೇ ಇದನ್ನು ಧ್ವನಿಗೆ ಅನ್ವಯಿಸಿ ತೋರಿಸಿದರು. ಕಾಲವನ್ನೂ ಕಂಪನಸಂಖ್ಯೆಯನ್ನೂ ಏಕಕಾಲದಲ್ಲಿ ಬೇಕಾದಷ್ಟು ನಿಖರವಾಗಿ ಗುರುತಿಸಲಾಗದು. ಸೆಕೆಂಡಿಗೆ ೪೧ ಮತ್ತು ೪೪ ಕಂಪನಗಳುಳ್ಳ ಎರಡು ಮಂದ್ರ ಸ್ವರಗಳನ್ನು ಬೇರೆಬೇರೆಯೆಂದು ಗುರುತಿಸಬೇಕಾದರೆ ಸುಮಾರು ಮೂರನೆಯ ಒಂದು ಸೆಕೆಂಡು ಕಾದು ನೋಡಬೇಕು. ಡ್ರಮ್ಮಿನ ಪೆಟ್ಟಿನ ಹರಿತವಾದ ಆರಂಭವಾದರೋ ಕೆಲವೇ ಸಾವಿರಾಂಶ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ದೊಡ್ಡ ತುಂಡನ್ನು ಆರಿಸಿಕೊಂಡರೆ ಪೆಟ್ಟು ಕೆಡುತ್ತದೆ. ಸಣ್ಣ ತುಂಡನ್ನು ಆರಿಸಿಕೊಂಡರೆ ಮಂದ್ರ ಸ್ವರ ನಡುಗುತ್ತದೆ. ನರ್ತನ ಸಂಗೀತದ ಜೀವಾಳವೇ ಈ ಎರಡು. ಸ್ಟುಡಿಯೋದ ಗಣಕಯಂತ್ರ ಅವಸರವಿಲ್ಲದೆ ಲೆಕ್ಕ ಹಾಕಿ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಕ್ರಮವನ್ನು ಅನುಸರಿಸಬಲ್ಲುದು. ಡಿ.ಜೆ. ಯಂತ್ರವಾದರೋ ಕೈ ಕದಲಿದ ಕ್ಷಣವೇ ಓಗೊಡಬೇಕು.

ಆದುದರಿಂದ ಧ್ವನಿ ಕೆಟ್ಟಾಗ ಮೊದಲು ಮಾಡಬೇಕಾದ ಪರೀಕ್ಷೆ ಸುಲಭವಾದದ್ದು: ಕೀ ಲಾಕನ್ನು ತೆಗೆದು ನೋಡುವುದು. ಕರ್ಕಶತೆ ಹೋಗದಿದ್ದರೆ ದೋಷ ಬೇರೆಲ್ಲೋ ಇದೆ. ಧ್ವನಿಯ ಮಟ್ಟವನ್ನು ಮಿತಿಮೀರಿ ಏರಿಸಿ ಅಲೆಗಳ ತಲೆ ಕತ್ತರಿಸಿಹೋಗಿರಬಹುದು, ಮಟ್ಟವನ್ನು ಇಳಿಸಬೇಕು. ಲಾಕ್ ತೆಗೆದೊಡನೆ ಧ್ವನಿ ಶುದ್ಧವಾದರೆ ಮೇಲೆ ಹೇಳಿದ ಬೆಸುಗೆಯೇ ಕಾರಣ. ವೇಗವನ್ನು ನೂರಕ್ಕೆ ಒಂದೆರಡರಷ್ಟು ಮಾತ್ರ ಬದಲಿಸುವಾಗ ಶ್ರುತಿ ಒಂದು ಮನೆಯ ಮೂರನೆಯ ಒಂದು ಭಾಗದಷ್ಟೂ ಸರಿಯುವುದು ಕಷ್ಟ. ಬರಿಯ ಡ್ರಮ್ಮಿನ ಭಾಗಗಳಲ್ಲಿ ಅದು ಗಮನಕ್ಕೂ ಬಾರದು. ಅಂತಹ ಕಡೆ ಬೀಗ ಬೇಡ. ಎರಡು ರಾಗಭಾಗಗಳು ಒಂದರ ಮೇಲೊಂದು ಬರುವಲ್ಲಿ, ಪರಿಚಿತ ಕಂಠವು ಅಪರಿಚಿತವಾಗಿ ಕೇಳುವಲ್ಲಿ ಮಾತ್ರ ಅದನ್ನು ಹಾಕುವುದು ವಿವೇಕ.

ಗಾಯಕರು ಶ್ರುತಿಯನ್ನು ಬಿಡದೆ ಲಯವನ್ನು ಬದಲಿಸುವಾಗ ಹಾಡನ್ನು ಹೊಸದಾಗಿ ಹಾಡುತ್ತಾರೆ. ಯಂತ್ರಕ್ಕೆ ಆ ಶಕ್ತಿಯಿಲ್ಲ. ಹಾಡಿ ಮುಗಿದುದನ್ನು ಅದು ಕತ್ತರಿಸಿ ಹೊಲಿಯಬಲ್ಲುದು. ಹೊಲಿಗೆ ಎಷ್ಟು ನಯವಾಗಿದ್ದರೂ ಬಟ್ಟೆಯನ್ನು ಹೆಚ್ಚು ಎಳೆದಷ್ಟೂ ಅದು ಹೆಚ್ಚಾಗಿ ಎದ್ದು ಕಾಣುತ್ತದೆ.