ನಿಮಗಿದು ಗೊತ್ತೆ? ಮಾಮೂಲಿ ಗಾಳಿಯೂ ಮುಕ್ಕಾಲು ಪಾಲು ನೈಟ್ರೋಜನ್ನೇ!

ದಿಗ್ಗೇವಾಡಿ ಊರಿನ ಕಬ್ಬಿನ ಗದ್ದೆಗಳ ಮೇಲೆ ಬೀಸುವ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಕಾರಿನ ಟೈರಿಗೆ ಪಂಕ್ಚರ್ ಅಂಗಡಿಯ ಮಾಮೂಲಿ ಗಾಳಿ ಹಾಕಿಸಿದರೂ ಒಳಗೆ ಹೋಗುವುದು ಬಹುಪಾಲು ಅದೇ. ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸಿದಾಗ ಬದಲಾಗುವುದು ಉಳಿದ 22 ಭಾಗ ಮಾತ್ರ. ಅದರಲ್ಲಿ ಹೆಚ್ಚಿನದು ಆಮ್ಲಜನಕ.

ಲಾಭವೇ ಇಲ್ಲ ಎಂದಲ್ಲ. ಆಮ್ಲಜನಕ ರಬ್ಬರಿನೊಳಗಿಂದ ಬೇಗ ನುಸುಳಿ ಹೋಗುತ್ತದೆ, ನೈಟ್ರೋಜನ್ ನಿಧಾನ. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 30 ಪಿಎಸ್‌ಐ ಒತ್ತಡಕ್ಕೆ ತುಂಬಿದ ಟೈರುಗಳನ್ನು ಒಂದು ವರ್ಷ ಹಾಗೇ ಬಿಟ್ಟು ಅಳೆಯಿತು. ಗಾಳಿಯ ಟೈರುಗಳು ಸರಾಸರಿ 3.5 ಪಿಎಸ್‌ಐ ಕಳೆದುಕೊಂಡವು, ನೈಟ್ರೋಜನ್‌ನವು 2.2. ಇಡೀ ವರ್ಷಕ್ಕೆ ವ್ಯತ್ಯಾಸ ಬರೀ 1.3! ಬಿಸಿಲಿಗೆ ಒತ್ತಡ ಏರುವುದೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ ಸಮ. ರಾಯಬಾಗ, ಚಿಕ್ಕೋಡಿಗೆ ಓಡಾಡುವ ಕಾರಿಗೆ ತಿಂಗಳಿಗೊಮ್ಮೆ ಗಾಳಿ ಚೆಕ್ ಮಾಡಿಸಿದರೆ ಧಾರಾಳವಾಯಿತು. ನೈಟ್ರೋಜನ್ ಇರುವ ಟೈರಿಗೆ ಮಾಮೂಲಿ ಗಾಳಿ ಸೇರಿಸಿದರೂ ಅಪಾಯವಿಲ್ಲ.

ವಿಮಾನದ ಮಾತು ಬೇರೆ. 1986ರ ಮಾರ್ಚ್ 31ರಂದು ಮೆಕ್ಸಿಕೊದಲ್ಲಿ ಹಾರಲು ಹೊರಟ ಬೋಯಿಂಗ್ 727ರ ಬ್ರೇಕ್ ವಿಪರೀತ ಕಾಯಿತು. ಟೈರಿಗೆ ನೈಟ್ರೋಜನ್ ಬದಲು ಗಾಳಿ ತುಂಬಿದ್ದರು. ಹಾರಾಟದ ನಡುವೆ ಆ ಗಾಳಿಯ ಆಮ್ಲಜನಕದಿಂದಾಗಿ ಟೈರು ಸ್ಫೋಟಿಸಿ ಬೆಂಕಿ ಹತ್ತಿತು, ಒಳಗಿದ್ದ 167 ಜನರೂ ಸತ್ತರು. ಮರುವರ್ಷವೇ ಅಮೆರಿಕ ದೊಡ್ಡ ಪ್ರಯಾಣಿಕ ವಿಮಾನಗಳ ಟೈರಿಗೆ ನೈಟ್ರೋಜನ್ ಕಡ್ಡಾಯ ಮಾಡಿತು.