ತುಳಸಿ ಕಷಾಯ ಎಷ್ಟು ದಿನ?

ಮಳೆಗಾಲದಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕೆಮ್ಮು–ನೆಗಡಿಯ ರೋಗಿಗಳನ್ನು ‘ಏನಾದರೂ ಔಷಧ ತೆಗೆದುಕೊಂಡಿದ್ದೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವವರೇ ಹೆಚ್ಚು. ಬಿಡಿಸಿ ಕೇಳಿದರೆ ‘ತುಳಸಿ ಕಷಾಯ ಕುಡಿದೆವು, ಅಷ್ಟೇ’ ಎಂಬ ಉತ್ತರ ಬರುತ್ತದೆ. ಅಂಗಳದ ಕಟ್ಟೆಯಲ್ಲಿರುವ ಗಿಡವನ್ನು ಯಾರೂ ಔಷಧದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಔಷಧವೆಂದು ಕುಡಿದ ಮೇಲೆ ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಪ್ರಶ್ನೆಗಳು ಅದಕ್ಕೂ ಇವೆ.

ನಮ್ಮ ಮನೆಗಳಲ್ಲಿ ಹಸಿರೆಲೆಯ ಶ್ರೀತುಳಸಿ, ಕಪ್ಪು ಛಾಯೆಯ ಕೃಷ್ಣತುಳಸಿ ಎರಡನ್ನೂ ಬೆಳೆಸುತ್ತಾರೆ. ಎಲೆಯ ಪರಿಮಳಕ್ಕೆ ಕಾರಣ ಅದರಲ್ಲಿರುವ ತೈಲಗಳು. ಅವುಗಳಲ್ಲಿ ಮುಖ್ಯವಾದ ಯೂಜಿನಾಲ್ ಲವಂಗದಲ್ಲಿಯೂ ಇದೆ. ಪ್ರಯೋಗಾಲಯದಲ್ಲಿ ಈ ತೈಲ ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ ನಿಜ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದೆಲ್ಲ ದೇಹದೊಳಗೂ ಆಗಬೇಕೆಂದಿಲ್ಲ. ತುಳಸಿಯನ್ನು ಮನುಷ್ಯರಿಗೆ ಕೊಟ್ಟು ನಡೆಸಿದ 24 ಅಧ್ಯಯನಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಲಾಯಿತು. ಫಲಿತಾಂಶಗಳು ಆಶಾದಾಯಕವಾಗಿದ್ದವು, ಆದರೆ ಹೆಚ್ಚಿನವು ಸಣ್ಣ ಅಧ್ಯಯನಗಳು, ಪ್ರಮಾಣವೂ ಒಂದೊಂದರಲ್ಲಿ ಒಂದೊಂದು.

ಸಾಮಾನ್ಯ ನೆಗಡಿಗೆ ಕಾರಣ ವೈರಸ್. ವಾರ, ಹತ್ತು ದಿನದಲ್ಲಿ ಅದು ತಾನಾಗಿಯೇ ಹೋಗುತ್ತದೆ. ಅಷ್ಟು ದಿನ ಗಂಟಲಿಗೆ ಹಿತ ಬೇಕು, ಮೈಗೆ ನೀರು ಬೇಕು. ಬಿಸಿ ಕಷಾಯದಿಂದ ಎರಡೂ ಸಿಗುತ್ತವೆ. ಅಂಗಡಿಯಿಂದ ಎರಡು ಆ್ಯಂಟಿಬಯಾಟಿಕ್ ಮಾತ್ರೆ ತಂದು ನುಂಗುವವರಿಗಿಂತ ತುಳಸಿ ಕುದಿಸುವವರೇ ಜಾಣರೆಂದು ನಾನು ಧಾರಾಳವಾಗಿ ಹೇಳುತ್ತೇನೆ. ಎಂಟು–ಹತ್ತು ಎಲೆಗಳನ್ನು ಚೆನ್ನಾಗಿ ತೊಳೆದು, ಎರಡು ಲೋಟ ನೀರಿಗೆ ಚೂರು ಶುಂಠಿ, ನಾಲ್ಕು ಕಾಳುಮೆಣಸಿನೊಡನೆ ಹಾಕಿ ಐದು ನಿಮಿಷ ಕುದಿಸಿದರೆ ಸಾಕು. ಪಾತ್ರೆಗೆ ಮುಚ್ಚಳವಿರಲಿ, ಇಲ್ಲವಾದರೆ ತೈಲವೆಲ್ಲ ಹಬೆಯಲ್ಲಿ ಹೋಗಿ ಅಡುಗೆಮನೆಗಷ್ಟೇ ಪರಿಮಳ.

ಒಮ್ಮೆ ಜೋಯಿಡಾದ ಒಳಭಾಗದ ಹಳ್ಳಿಯಿಂದ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ನಾಲ್ಕು ದಿನ ತುಳಸಿ ರಸ, ಜೇನುತುಪ್ಪ ಕೊಟ್ಟಿದ್ದರು. ಮಳೆ ಬೇರೆ, ಬಸ್ಸೂ ಸಿಕ್ಕಿರಲಿಲ್ಲ. ಅಂಗಿ ಎತ್ತಿ ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿತ್ತು. ನಿಮಿಷಕ್ಕೆ 58 ಉಸಿರು. ನ್ಯೂಮೋನಿಯಾ. ಆಮ್ಲಜನಕದ ಸೌಲಭ್ಯವಿದ್ದ ಆಸ್ಪತ್ರೆಗೆ ಕಳಿಸಿದೆವು, ಮಗು ಉಳಿಯಿತು. ‘ತುಳಸಿ ಕೊಟ್ಟದ್ದೇ ತಪ್ಪಾಯಿತೇನ್ರೀ ಡಾಕ್ಟ್ರೇ?’ ಎಂದು ಅಜ್ಜಿ ಕಣ್ಣೀರಿಟ್ಟರು. ತುಳಸಿಯಿಂದ ಏನೂ ಆಗಿರಲಿಲ್ಲ. ಅದನ್ನು ನಂಬಿ ಕಾಯುತ್ತ ಕಳೆದ ದಿನಗಳು ಮಗುವಿಗೆ ದುಬಾರಿಯಾಗಿದ್ದವು.

ಆದ್ದರಿಂದ ಕೆಮ್ಮುವ ಮಗು ಮಲಗಿರುವಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬರೀ ನೆಗಡಿಯಲ್ಲ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು–ನೀರು ಬಿಟ್ಟಿದ್ದರೆ, ಮಂಕಾಗಿದ್ದರೆ ಎಣಿಸುತ್ತ ಕೂರದೆ ಹೊರಡಿ.

ದೊಡ್ಡವರ ಜ್ವರದಲ್ಲೂ ಎಚ್ಚರ ಬೇಕು. ಕಾಡು, ಗದ್ದೆ, ನೀರು ನಡುವೆ ಬದುಕುವ ನಮಗೆ ಡೆಂಗಿ, ಮಲೇರಿಯಾ, ಗದ್ದೆ ಕೆಲಸದವರಿಗೆ ಇಲಿಜ್ವರ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮದೇ ಜಿಲ್ಲೆಯ ಸಿದ್ದಾಪುರದಲ್ಲೂ ಕಾಣಿಸಿದೆ. ಇವು ಯಾವುವೂ ಕಷಾಯಕ್ಕೆ ಬಗ್ಗುವಂಥವಲ್ಲ. ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ ರಕ್ತ ಪರೀಕ್ಷೆ ಆಗಲೇಬೇಕು. ಚಳಿ–ನಡುಕ, ವಿಪರೀತ ತಲೆನೋವು, ರಕ್ತಸ್ರಾವ ಇದ್ದರೆ ಆ ಎರಡು ದಿನವೂ ಕಾಯಕೂಡದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ.

ಇನ್ನು ಕೆಲವರ ಮಾತು ಬೇರೆ. ಒಂದು ವರ್ಷದೊಳಗಿನ ಕೂಸಿಗೆ ತುಳಸಿ ರಸದ ನೆಪದಲ್ಲಿ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಉಂಟುಮಾಡಬಲ್ಲದು. ತುಳಸಿ ಸಕ್ಕರೆಯ ಅಂಶವನ್ನು ಸ್ವಲ್ಪ ಇಳಿಸಬಹುದೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅದನ್ನು ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನೂ ಕಂಡಿದ್ದೇನೆ, ಮಾತ್ರೆಯ ಜೊತೆಗೆ ಲೋಟಗಟ್ಟಲೆ ರಸ ಕುಡಿಯುವವರನ್ನೂ ಕಂಡಿದ್ದೇನೆ. ಎರಡೂ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ದಿನವೂ ರಸ ಕುಡಿಯುವ ಅಭ್ಯಾಸಕ್ಕೆ ಮೊದಲು ವೈದ್ಯರನ್ನು ಕೇಳಬೇಕು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ ಎರಡು ವಾರ ಮೊದಲೇ ರಸ ನಿಲ್ಲಿಸಿ. ಪೂಜೆಯ ತೀರ್ಥದಲ್ಲಿ ಬರುವ ಒಂದೆರಡು ದಳಕ್ಕೆ ಈ ಯಾವ ಕಟ್ಟುಪಾಡೂ ಇಲ್ಲ.