‘ಪಂಡಿತ’ ಪದದ ಅರ್ಥಾಂತರ: ಹಾಲಾಡಿ ಪರಿಸರದಿಂದ ಕಿರುತೆರೆಯವರೆಗೆ

ಚುನಾವಣಾ ಫಲಿತಾಂಶದ ಮರುದಿನ ‘ರಾಜಕೀಯ ಪಂಡಿತರ ಲೆಕ್ಕಾಚಾರ ತಲೆಕೆಳಗು’ ಎಂಬ ಬಗೆಯ ವಾಕ್ಯಗಳು ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸವಲ್ಲ. ಪಂದ್ಯ ಮುಗಿದಾಗ ‘ಕ್ರಿಕೆಟ್ ಪಂಡಿತ’ರ ಸರದಿ. ಟಿ.ವಿ. ವಿಶ್ಲೇಷಕರಿಗೆ ಸಂದಿರುವ ಈ ಹೆಸರು ಎಲ್ಲಿಂದ ಬಂದಿತು, ಬರುವಾಗ ಏನನ್ನು ಕಳೆದುಕೊಂಡಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಸ್ಕೃತದಲ್ಲಿ ‘ಪಂಡಾ’ ಎಂದರೆ ಬುದ್ಧಿ, ಅದುಳ್ಳವನು ಪಂಡಿತ. ಅಮರಕೋಶವು ವಿದ್ವಾಂಸನ ಪರ್ಯಾಯಪದಗಳಲ್ಲಿ ‘ಪಂಡಿತ’ದೊಡನೆ ‘ದೋಷಜ್ಞ’ ಎಂಬುದನ್ನೂ ಹೇಳಿದೆ. 1772ರ ನ್ಯಾಯಾಡಳಿತ ವ್ಯವಸ್ಥೆಯಂತೆ ಬಂಗಾಳದ ಕಂಪನಿ ನ್ಯಾಯಾಲಯಗಳಲ್ಲಿ ಧರ್ಮಶಾಸ್ತ್ರವನ್ನು ವಿವರಿಸುವ ಹೊಣೆ ಪಂಡಿತರದಾಯಿತು. 1864ರಲ್ಲಿ ಆ ಹುದ್ದೆ ರದ್ದಾದರೂ ಪದವು ಇಂಗ್ಲಿಷಿನಲ್ಲಿ ‘ಪಂಡಿಟ್’ ಎಂದು ಉಳಿದು, ಅಧಿಕಾರವಾಣಿಯಿಂದ ಅಭಿಪ್ರಾಯ ನುಡಿಯುವವನೆಂಬ, ಕೆಲವೊಮ್ಮೆ ವ್ಯಂಗ್ಯಮಿಶ್ರಿತವಾದ ಅರ್ಥವನ್ನು ಪಡೆಯಿತು. ‘ರಾಜಕೀಯ ಪಂಡಿತ’ ಎಂಬ ಪ್ರಯೋಗದಲ್ಲಿ ನಮ್ಮ ಪದವೇ ಈ ಹೊಸ ಅರ್ಥವನ್ನು ಹೊತ್ತು ಮನೆಗೆ ಮರಳಿದೆ.

ಮನೆಯಲ್ಲಿ ಉಳಿದ ಪಂಡಿತನ ಬಗೆ ಬೇರೆ. ಕುಂದಾಪುರ ತಾಲೂಕಿನ ಹಾಲಾಡಿ ಪರಿಸರವೂ ಸೇರಿದಂತೆ ಕರಾವಳಿಯ ಆಡುಮಾತಿನಲ್ಲಿ ‘ಪಂಡಿತರು’ ಎಂದರೆ ಶಾಸ್ತ್ರಜ್ಞರಷ್ಟೇ ಅಲ್ಲ, ಬೇರು-ನಾರಿನ ಮದ್ದು ಕೊಡುವ ನಾಟಿವೈದ್ಯರೂ ಹೌದು. ಮದ್ದು ಹಿಡಿಯದಿದ್ದರೆ ರೋಗಿ ಮತ್ತೆ ಅವರ ಅಂಗಳಕ್ಕೆ ಬಾರನು. ಅವರ ಪಾಂಡಿತ್ಯಕ್ಕೆ ರೋಗಿಯ ದೇಹವೇ ಸಾಕ್ಷಿ.

ಇದೇ ಕರಾವಳಿಯ ತಾಳಮದ್ದಲೆಯಲ್ಲಿ ಪಾಂಡಿತ್ಯದ ಪರೀಕ್ಷೆ ಇನ್ನೂ ಪ್ರತ್ಯಕ್ಷವಾದುದು. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ್ಯಕ್ಕೆ ಅರ್ಥಧಾರಿ ಅಲ್ಲಿಯೇ ಮಾತು ಕಟ್ಟಬೇಕು. ‘ವಾಲಿವಧೆ’ಯಲ್ಲಿ ಮರೆಯಿಂದ ಬಾಣ ಬಿಟ್ಟುದೇಕೆಂದು ವಾಲಿ ಕೇಳಿದಾಗ ರಾಮನ ಅರ್ಥಧಾರಿ ಉತ್ತರಿಸದೆ ಏಳುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ಕೀರ್ತಿ ಇಂತಹ ಸವಾಲುಗಳ ನಡುವೆಯೇ ಬೆಳೆಯಿತು. ಎದುರಾಳಿಯೇ ಇಲ್ಲಿ ದೋಷಜ್ಞ.

2004ರ ಲೋಕಸಭಾ ಚುನಾವಣೆಯಲ್ಲಿ ಬಹುತೇಕ ವಿಶ್ಲೇಷಕರ ಎಣಿಕೆಗೆ ವಿರುದ್ಧವಾಗಿ ಆಡಳಿತ ಮೈತ್ರಿಕೂಟ ಸೋತಿತು. 2024ರಲ್ಲಿ ಹಲವು ಮತಗಟ್ಟೆ ಸಮೀಕ್ಷೆಗಳು 350ಕ್ಕೂ ಮಿಕ್ಕಿ ಸ್ಥಾನಗಳನ್ನು ನೀಡಿದ್ದ ಎನ್‌ಡಿಎಗೆ ದೊರೆತದ್ದು 293. ಹಾಗಿದ್ದೂ ಭವಿಷ್ಯ ನುಡಿಯುವ ಚರ್ಚೆಗಳು ನಿಲ್ಲಲಿಲ್ಲ. ಕಿರುತೆರೆಯ ಚರ್ಚೆಯಲ್ಲಿಯೂ ಎದುರು ಮಾತಾಡುವವರಿದ್ದಾರೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಟ್ಟು ಅಲ್ಲಿಲ್ಲ. ಪದವು ಮರಳಿ ಬರುವಾಗ ಕಳೆದುಕೊಂಡದ್ದು ಈ ಉತ್ತರದಾಯಿತ್ವವನ್ನು. ‘ಪಂಡಿತ’ ಶಬ್ದಕ್ಕೆ ಇಂದು ಅಂಟಿರುವ ವ್ಯಂಗ್ಯವು ಆ ನಷ್ಟವನ್ನು ಜನಭಾಷೆ ಗುರುತಿಸಿರುವುದರ ಕುರುಹೆಂದು ಭಾವಿಸಬಹುದು.